ಕಟ್ಟೆಯ ಮೇಲೆ ಕುಳಿತ ಅಭ್ಯರ್ಥಿ

ಮೊನ್ನೆ ಮಧ್ಯಾಹ್ನ ಹುಮನಾಬಾದಿನ ನಮ್ಮ ಓಣಿಗೆ ಒಂದು ಪ್ರಚಾರದ ಆಟೋ ಬಂತು. ಊಟ ಮುಗಿಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ನಾನು ತೂಕಡಿಸುತ್ತಿದ್ದೆ. "ಬಂಧುಗಳೇ, ತಾಯಂದಿರೇ" ಎಂಬ ದನಿ ಕೇಳಿ, ಯಾರಪ್ಪ ಇಷ್ಟು ಸೊಗಸಾಗಿ ಕೂಗುವವನು ಎಂದು ಹೊರಗೆ ಬಂದು ನೋಡಿದರೆ, ಆಟೋದೊಳಗೆ ಚಾಲಕನೊಬ್ಬನನ್ನು ಬಿಟ್ಟು ನರಪಿಳ್ಳೆ ಇಲ್ಲ. ದನಿಯನ್ನು ಬೇರೆಲ್ಲೋ ಮುದ್ರಿಸಿ ತಂದಿದ್ದರು. ಚಾಲಕ ಫೋನು ನೋಡುತ್ತ, ಅದರ ಪಾಡಿಗೆ ಅದನ್ನು ಒದರಲು ಬಿಟ್ಟು ಹೊರಟುಹೋದ. ನನ್ನ ನಿದ್ದೆಯೂ ಅವನ ಹಿಂದೆಯೇ ಹೋಯಿತು. ಏಕೆಂದರೆ ಹಿಂದೊಮ್ಮೆ ಅಂಥದೇ ಆಟೋದಲ್ಲಿ ಕುಳಿತು, ಬೆವರು ಒರೆಸಿಕೊಳ್ಳುತ್ತ ಕೂಗಿದ ಜೀವಂತ ದನಿ ನನ್ನದಾಗಿತ್ತು.

ಅದೂ ವಿರೋಧ ಪಕ್ಷದ ದನಿ. ಯಾವ ಪಕ್ಷ ಎಂದು ಮಾತ್ರ ಕೇಳಬೇಡಿ. ಆಮೇಲೆ ಅಲ್ಲಿದ್ದವರು ಇಲ್ಲಿಗೆ, ಇಲ್ಲಿದ್ದವರು ಅಲ್ಲಿಗೆ ಹೋಗಿ ಬಂದು, ಈಗ ಹೆಸರು ಹೇಳಿದರೆ ನಿಮಗಿಂತ ಹೆಚ್ಚು ಗೊಂದಲ ನನಗೇ.

ನನ್ನನ್ನು ಆ ಆಟೋ ಹತ್ತಿಸಿದವರು ಗುಂಡಪ್ಪ ಕಾಕಾ. ನಮ್ಮ ತಂದೆಯ ಗೆಳೆಯರು, ಗೆಲ್ಲದ ಪಕ್ಷಕ್ಕೆ ಜೀವಮಾನವಿಡೀ ನಿಷ್ಠರಾಗಿದ್ದವರು. ನನ್ನಲ್ಲಿ ಅವರು ಕಂಡ ಗುಣ ಒಂದೇ: ನಾನು ಮಾತಾಡುತ್ತೇನೆ. ಅದರ ಶ್ರೇಯಸ್ಸು ನಮ್ಮ ಅಜ್ಜಿಗೆ ಸೇರಬೇಕು. ಅಜ್ಜಿ ಸಂತೆಯಲ್ಲಿ ಚೌಕಾಸಿಯನ್ನು ಉರ್ದುವಿನಲ್ಲಿ, ದೇವರ ಮುಂದೆ ಭಜನೆಯನ್ನು ಮರಾಠಿಯಲ್ಲಿ, ನಮಗೆ ಬೈಗುಳವನ್ನು ಅಚ್ಚ ಕನ್ನಡದಲ್ಲಿ ನಡೆಸುತ್ತಿದ್ದಳು. ಅವಳ ಮಗ್ಗುಲಲ್ಲಿ ಬೆಳೆದ ನನಗೆ ಮೂರೂ ಬಂದವು. ಹೆಚ್ಚು ಚೆನ್ನಾಗಿ ಬಂದದ್ದು ಯಾವುದೆಂದು ನನ್ನ ಹೆಂಡತಿಯನ್ನು ಕೇಳಬೇಕು.

ಅದು ಜಿಲ್ಲಾ ಪಂಚಾಯತಿ ಚುನಾವಣೆ. ಬಸವಕಲ್ಯಾಣ ತಾಲೂಕಿನ ಮಂಠಾಳ ಭಾಗದ ಸ್ಥಾನ ಆ ಸಲ ಮಹಿಳೆಗೆ ಮೀಸಲಾಗಿತ್ತು. ಗೆಲ್ಲುವ ಪಕ್ಷದಲ್ಲಿ ಟಿಕೇಟಿಗೆ ಜಗಳ; ನಮ್ಮಲ್ಲಿ ಟಿಕೇಟು ಕೈಯಲ್ಲಿ ಹಿಡಿದು ಮನೆಮನೆ ತಿರುಗಿದರೂ ಮುಖಂಡರ ಹೆಂಡಂದಿರು ಬಾಗಿಲು ತೆರೆಯಲಿಲ್ಲ. ಕೊನೆಗೆ ಕಾಕಾ ಮಂಠಾಳದ ಪಕ್ಕದ ಊರಿಗೆ ಜೋಳ ಬೀಸಿಸಲು ಹೋದವರು, ಗಿರಣಿಯ ಒಡತಿ ಸುಶೀಲಾಬಾಯಿಯನ್ನೇ ಒಪ್ಪಿಸಿಕೊಂಡು ಬಂದರು. ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿಯನ್ನು ತಾನೇ ನಡೆಸುತ್ತಿದ್ದ ಹೆಣ್ಣುಮಗಳು. ಬೆಲ್ಟಿನ ಸಪ್ಪಳದ ಮೇಲೆ ಮಾತಾಡಿ ಮಾತಾಡಿ ದನಿ ದೊಡ್ಡದಾಗಿತ್ತು. ಗುಟ್ಟು ಹೇಳಿದರೂ ಮೂರು ಮನೆಗೆ ಕೇಳಿಸುತ್ತಿತ್ತು. ನನ್ನ ಮೈಕಿನ ಅಗತ್ಯವೇ ಇರಲಿಲ್ಲ, ಆದರೆ ಬಾಡಿಗೆ ಕೊಟ್ಟಾಗಿತ್ತು.

ನಾನು ಕೂಗಬೇಕಾದ ಮಾತನ್ನು ಕಾಕಾ ಒಂದು ಮದುವೆಯ ಕಾರ್ಡಿನ ಹಿಂದೆ ಬರೆದುಕೊಟ್ಟರು: "ಮನೆಮಗಳು ಬಾಗಿಲಿಗೆ ಬಂದಿದ್ದಾಳೆ. ತಾಯಂದಿರೇ, ನಿಮ್ಮ ಮತಗಳಿಂದ ಅವಳ ಉಡಿ ತುಂಬಿ ಕಳಿಸಿರಿ." ನನಗೆ ಬಹಳ ಹಿಡಿಸಿತು. ಮೂರೂ ಭಾಷೆಯಲ್ಲಿ, ಕಣ್ಣಲ್ಲಿ ನೀರು ಬರುವಂತೆ ಕೂಗಿದೆ. ನೀರು ನನ್ನ ಕಣ್ಣಲ್ಲಿ ಬಂತು, ಮಂದಿಯ ಕಣ್ಣಲ್ಲಿ ಬಂದದ್ದು ನಾನು ನೋಡಲಿಲ್ಲ.

ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಬರಿಸೆರಗಿನಲ್ಲಿ ಕಳಿಸುವುದಿಲ್ಲ. ಒಂದಿಷ್ಟು ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಇದ್ದರೆ ರವಿಕೆಗೆ ಒಂದು ಜಂಪರ್ ಪೀಸು ಸೆರಗಿಗೆ ಹಾಕಿ ಉಡಿ ತುಂಬುತ್ತಾರೆ. ಚುನಾವಣೆಯಾದರೇನು, ಬಂದವಳು ಹೆಣ್ಣುಮಗಳಲ್ಲವೇ? ಮೊದಲ ಊರಿನ ಮೊದಲ ಮನೆಯಲ್ಲೇ ಒಡತಿ ಮೊರ ಹಿಡಿದು ಬಂದಳು. ಸುಶೀಲಾಬಾಯಿಯ ಜೊತೆ ಪ್ರಚಾರಕ್ಕೆ ಬಂದಿದ್ದ ಇಬ್ಬರು ಹೆಂಗಸರಿಗೆ ಉಡಿ ತುಂಬಿದಳು. ಸುಶೀಲಾಬಾಯಿಯ ಮುಂದೆ ಬಂದಾಗ ಅವಳ ಕೈ ನಿಂತಿತು. ಗಂಡ ಸತ್ತವಳು. ಒಡತಿಯ ಮುಖ ಸಣ್ಣದಾಯಿತು. "ಚಾ ತಗೋರಿ ಅಕ್ಕಾ" ಎಂದಳು. ಸುಶೀಲಾಬಾಯಿ ಚಹಾ ಕುಡಿದು, ಚೆನ್ನಾಗಿದೆ ಎಂದು ಹೇಳಿ ಹೊರಗೆ ಬಂದಳು.

ಮುಂದಿನ ಮನೆಯಿಂದ ಅವಳು ಒಳಗೆ ಹೋಗಲಿಲ್ಲ. ಜೊತೆಯವರನ್ನು ಕಳಿಸಿ, ತಾನು ಹೊರಗೆ ಕಟ್ಟೆ ಕಂಡಲ್ಲಿ ಕುಳಿತುಕೊಂಡಳು. ಕೇಳಿದರೆ, ಮೊಣಕಾಲು ನೋವು ಎಂದಳು. ಗಿರಣಿಯಲ್ಲಿ ಮೂಟೆ ಎತ್ತುವವಳಿಗೆ ಎಂಥ ಮೊಣಕಾಲು ನೋವು! ಆದರೆ ನಾವು ಗಂಡಸರು ನಂಬಿದೆವು, ನಂಬುವುದು ಸುಲಭವಾಗಿತ್ತು. ಊರಿನ ಹೆಂಗಸರು ಬೇರೆ ಅರ್ಥ ಮಾಡಿಕೊಂಡರು. ಇಲೆಕ್ಷನ್ನಿಗೆ ನಿಂತಾಕಿಗೆ ಸೊಕ್ಕು, ಹೊಸ್ತಿಲು ದಾಟುವುದಿಲ್ಲ ಎಂಬ ಮಾತು ನಮಗಿಂತ ಮುಂದೆ ಮುಂದೆ ಊರಿಂದ ಊರಿಗೆ ಹೋಯಿತು. ಅಡುಗೆಮನೆಯಲ್ಲಿ ಕುಳಿತು ಮಾತಾಡದ ಹೆಣ್ಣಿಗೆ ಹೆಂಗಸರು ಯಾಕೆ ಮತ ಹಾಕಬೇಕು? ಕಾಕಾನ ಮುಖ ದಿನದಿಂದ ದಿನಕ್ಕೆ ಒಣಗಿತು. ಸುಶೀಲಾಬಾಯಿ ಒಂದು ಸಂಜೆ ಮೆಲ್ಲಗೆ, ಅಂದರೆ ಓಣಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಕಾಕಾ, ನನ್ನ ಬದ್ಲಿ ಬ್ಯಾರೆಯವ್ರನ್ನ ಕರ್ಕೊಂಡು ತಿರಗ್ರಿ. ನಾ ಗಿರಣಿ ನೋಡ್ಕೋತೀನಿ" ಎಂದಳು. ನಾಮಪತ್ರ ವಾಪಸು ಪಡೆಯುವ ದಿನ ದಾಟಿತ್ತು, ಇಲ್ಲದಿದ್ದರೆ ಅಂದೇ ಮುಗಿಯುತ್ತಿತ್ತು.

ಹೀಗಿರುವಾಗ ಮಂಠಾಳಕ್ಕೆ ಹೋದೆವು. ಅಲ್ಲಿ ನಮ್ಮ ಸೋದರತ್ತೆಯ ಮನೆ. ಅವಳ ಗಂಡ, ಅಂದರೆ ಮಾಮಾ, ಆಳುವ ಪಕ್ಷದ ಊರ ಮುಖಂಡರು, ಮಾಳಿಗೆಯ ಮೇಲೆ ಅವರ ಬಾವುಟ. ಆ ಮನೆಯ ಮುಂದೆ ಹಾಯುವಾಗ ನಾನು ಮೈಕಿನ ದನಿ ತಗ್ಗಿಸಿ, ತಲೆಯನ್ನೂ ತಗ್ಗಿಸಿ ದಾಟಿಬಿಡುವ ಲೆಕ್ಕದಲ್ಲಿದ್ದೆ. ಅತ್ತಿ ಹಿಟ್ಟಿನ ಕೈಯಲ್ಲೇ ಬಂದು ಆಟೋಕ್ಕೆ ಅಡ್ಡ ನಿಂತಳು.

"ಯಾಕೋ ತಮ್ಮಾ, ಮುಂಜಾನಿಂದ ಉಡಿ ತುಂಬ್ರಿ, ಉಡಿ ತುಂಬ್ರಿ ಅಂತ ಒದರಾಕತ್ತಿ. ತುಂಬಿಸ್ಕೊಳ್ಳಾಕಿ ಎಲ್ಲಿದ್ದಾಳ?"

ನಾನು ಬೇವಿನ ಗಿಡದ ಕಟ್ಟೆಯ ಕಡೆ ಕೈ ಮಾಡಿದೆ.

"ಆಕಿನ್ನ ಅಲ್ಲಿ ಕುಂದ್ರಿಸಿ ನೀ ಇಲ್ಲಿ ಮೈಕ್ ಹಿಡ್ಕೊಂಡು ಕುಂತಿ. ನಿಮ್ಮಜ್ಜಿ ಇದ್ದಿದ್ರ ಅದನ್ನ ಕಸಗೊಂಡು ನಿನ್ನ ತಲಿಗಿ ಕೊಡ್ತಿದ್ಲು."

ಒಳಗೆ ಮಾಮಾ ಇದ್ದಾರಲ್ಲ ಎಂದೆ.

"ಮಾಮಾ ಪಡಸಾಲಿಯೊಳಗ ಇದ್ದಾರ. ಅಡಗಿಮನಿ ನಂದು."

ತಾನೇ ಹೋಗಿ ಸುಶೀಲಾಬಾಯಿಯ ಕೈ ಹಿಡಿದು ಕರೆತಂದಳು. ಪಡಸಾಲೆಯಲ್ಲಿ ಮಾಮಾ ಮತ್ತು ಅವರ ಪಕ್ಷದ ನಾಲ್ಕು ಮಂದಿ ಕುಳಿತಿದ್ದರು. ಅವರೆಲ್ಲರ ನಡುವೆ ಹಾಯ್ದು ಅಡುಗೆಮನೆಗೆ ಹೋಗಬೇಕು. ಓಣಿಯ ಹೆಂಗಸರು ಬಾಗಿಲಲ್ಲಿ ನೆರೆದರು. ಅತ್ತಿ ಮೊರದಲ್ಲಿ ಅಕ್ಕಿ ತಂದಾಗ ಸುಶೀಲಾಬಾಯಿ ಹಿಂದೆ ಸರಿದಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

"ನನಗಿದು ನಡಿಯಂಗಿಲ್ರಿ ಅತ್ತಿ. ನಿಮಗ ಮಂದಿ ಅಂತಾರ."

"ಅನ್ಲಿ. ಅಕ್ಕಿ ನಂದು, ಕೈ ನಂದು. ವೋಟ್ ಕೇಳಬ್ಯಾಡ, ನಮ್ಮ ಮನಿಯವರ ಪಾರ್ಟಿ ಬ್ಯಾರೆ ಅದ. ಸೆರಗ ಒಡ್ಡು."

ಸುಶೀಲಾಬಾಯಿ ಸೆರಗು ಒಡ್ಡಿದಳು. ಅತ್ತಿ ಅಕ್ಕಿ ಹಾಕಿದಳು, ಕೊಬ್ಬರಿ ಇಟ್ಟಳು, ತನಗೆಂದು ತೆಗೆದಿಟ್ಟಿದ್ದ ಹಸಿರು ಜಂಪರ್ ಪೀಸು ಇಟ್ಟಳು. ಪಡಸಾಲೆಯ ಕಡೆಯಿಂದ ಮಾಮಾನ ಕೆಮ್ಮು ಕೇಳಿಸಿತು. ಈಗ ರಾದ್ಧಾಂತ ಎಂದುಕೊಂಡೆ.

"ಬಂದವರಿಗಿ ಚಾ ಕುಡಿಸಿ ಕಳಸ್ರಿ," ಎಂದರು ಮಾಮಾ. "ಸೋಲೋದಂತೂ ಅದ, ಹೊಟ್ಟಿ ಯಾಕ ಖಾಲಿ ಇರಬೇಕು."

ಅಡುಗೆಮನೆಯಿಂದ ಗಿರಣಿಯ ದನಿ ಮರಳಿ ಬಂತು: "ಕುಡೀತೀನ್ರಿ ಮಾಮಾ. ಗೆದ್ದ ಮ್ಯಾಲ ಪೇಢಾ ತಗೊಂಡು ಬರ್ತೀನಿ." ಮಾಮಾನ ಪಕ್ಷದವರೂ ನಕ್ಕುಬಿಟ್ಟರು.

ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು, ನಮ್ಮ ಮನಿಗೂ ಬರ್ರಿ ಎಂದು ಕರೆದಳು. ಅಲ್ಲಿಂದ ಇನ್ನೊಂದು ಮನೆ. ಎಲ್ಲರೂ ಉಡಿ ತುಂಬಿದರು ಎಂದು ಹೇಳಿದರೆ ಸುಳ್ಳಾದೀತು. ಕೆಲವರು ಚಹಾಕ್ಕೇ ನಿಲ್ಲಿಸಿದರು. ಆದರೆ ಅವಳು ಮತ್ತೆ ಕಟ್ಟೆಯ ಮೇಲೆ ಕೂಡಲಿಲ್ಲ. ಒಲೆಯ ಮುಂದೆ ಮಣೆ ಎಳೆದುಕೊಂಡು, ನಳದ ನೀರು ಯಾವಾಗ ಬರುತ್ತದೆ, ಬಸವಕಲ್ಯಾಣಕ್ಕೆ ಕಾಲೇಜಿಗೆ ಹೋಗುವ ಹುಡುಗಿಯರಿಗೆ ಬಸ್ಸು ನಿಲ್ಲಿಸುತ್ತಾರೋ ಇಲ್ಲವೋ ಎಂದು ಕೇಳುತ್ತಿದ್ದಳು. ಮತ ಕೇಳುವುದು ಕೊನೆಗೆ, ಎದ್ದು ನಿಂತು ಸೆರಗು ಝಾಡಿಸಿಕೊಳ್ಳುವಾಗ.

"ನಾ ಗೆದ್ರೂ ಸರಕಾರ ನಮ್ದಲ್ಲ. ಕೆಲಸ ಆಗೇ ಆಗ್ತದ ಅಂತ ಆಣಿ ಮಾಡಂಗಿಲ್ಲ. ಆದ್ರ ಗಿರಣಿ ಸಪ್ಪಳದಾಗ ಮಾತಾಡಿ ರೂಢಿ ಅದ ನನಗ. ಅಲ್ಲಿ ಹೋಗಿ ಒದರ್ತೀನಿ."

ವಿರೋಧ ಪಕ್ಷದವರು ಇದಕ್ಕಿಂತ ಪ್ರಾಮಾಣಿಕವಾಗಿ ಮತ ಕೇಳಿದ್ದನ್ನು ನಾನಂತೂ ಕಂಡಿಲ್ಲ. ನಾನು ಕಾಕಾನ ಸಾಲನ್ನು ಬಿಟ್ಟು, ಸುಶೀಲಾಬಾಯಿ ಬಂದಿದ್ದಾರೆ, ಕೇಳುವುದಿದ್ದರೆ ಬನ್ನಿ ಎಂದಷ್ಟೇ ಕೂಗತೊಡಗಿದೆ. ಗಂಟಲಿಗೂ ಹಗುರವಾಯಿತು.

ಸೋತೆವು. ಉಡಿ ತುಂಬಿದ ಮನೆಗಳನ್ನೆಲ್ಲ ಮತವೆಂದು ಎಣಿಸಿಕೊಂಡಿದ್ದ ಕಾಕಾ, ಅಕ್ಕಿ ಕೊಟ್ಟವರು ಮೋಸ ಮಾಡಿದರು ಎಂದು ಹಲುಬಿದರು. "ಅಕ್ಕಿ ನನಗ ಕೊಟ್ಟಿದ್ದು ಕಾಕಾ, ಪಾರ್ಟಿಗಲ್ಲ" ಎಂದಳು ಸುಶೀಲಾಬಾಯಿ. ಮರುದಿನ ಪೇಢಾ ಕಟ್ಟಿಸಿಕೊಂಡು ಮಾಮಾನ ಮನೆಗೆ ಹೋದಳು. ಮಾಮಾ ಎರಡು ತಿಂದರಂತೆ. ಮುಂದೆ ಬಸ್ಸಿನ ವಿಷಯಕ್ಕೆ ಡಿಪೋದ ಸಾಹೇಬರ ಬಳಿ ಇಬ್ಬರೂ ಕೂಡಿಯೇ ಹೋದರು. ಬಸ್ಸು ಈಗ ನಿಲ್ಲುತ್ತದೆ. ಅತ್ತಿ ಯಾರಿಗೆ ಮತ ಹಾಕಿದಳೆಂದು ನಾನು ಎಷ್ಟು ಸಲ ಕೇಳಿದ್ದೇನೋ. ಅವಳದು ಒಂದೇ ಉತ್ತರ: "ಸೆರಗಿನ್ಯಾಗ ಏನ್ ಹಾಕ್ದೆ ಅದು ಕೇಳು, ಹೇಳ್ತೀನಿ. ಮಷೀನಿನ್ಯಾಗಿಂದು ಕೇಳಬ್ಯಾಡ."

ಇಷ್ಟೆಲ್ಲ ನೆನಪಾಗಿ ತಡೆಯಲಾಗದೆ ಭಾನುವಾರ ಮಂಠಾಳಕ್ಕೆ ಹೋದೆ. ಮಾಮಾ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅತ್ತಿ ಆಮೇಲೆ ಮಾತು ಕಡಿಮೆ ಮಾಡಿದ್ದಾಳೆ. ನಾನು ಕುಳಿತಿದ್ದಾಗಲೇ ನಮ್ಮ ಹಳೆಯ ಪಕ್ಷದವರು ಮತ ಕೇಳಲು ಬಂದರು. ಈ ಸಲದ ಅಭ್ಯರ್ಥಿ ಒಬ್ಬ ಎಳೆಯ ಹೆಣ್ಣುಮಗಳು, ಜೊತೆಗೆ ದಾರಿ ತೋರಿಸಲು ಸುಶೀಲಾಬಾಯಿ. ಅತ್ತಿಯ ಸೊಸೆ ಮೊರ ತಂದು ಇಬ್ಬರಿಗೂ ಉಡಿ ತುಂಬಿದಳು, ಯೋಚಿಸಲೂ ಇಲ್ಲ. ಆ ಮನೆಯಲ್ಲಿ ಅದು ಈಗ ಹಾಗೆಯೇ. ಆದರೆ ಅತ್ತಿ ಮೊರ ಕಂಡವಳೇ ಎದ್ದು ಒಳಕೋಣೆಗೆ ಹೋಗಿದ್ದಳು. ಇನ್ನೊಬ್ಬರಿಗೆ ಅಷ್ಟು ಧೈರ್ಯ ಕೊಟ್ಟವಳು ತನ್ನ ಸರದಿ ಬಂದಾಗ ಮರೆಗೆ ಸರಿದಿದ್ದಳು.

ಸುಶೀಲಾಬಾಯಿ ಅತ್ತಿ ಎಲ್ಲಿ ಎಂದು ಕೇಳಿ, ಸೊಸೆಯ ಕೈಯಿಂದ ಮೊರ ತೆಗೆದುಕೊಂಡು ಒಳಗೇ ನಡೆದಳು. ನಾನು ಬಾಗಿಲಲ್ಲಿ ನಿಂತೆ.

"ನನಗ್ಯಾಕ ಯವ್ವಾ ಈಗ," ಎಂದಳು ಅತ್ತಿ.

"ನನ್ನ ಸೆರಗ ಒಡ್ಸಿದವರು ಯಾರ್ರಿ?"

ಅತ್ತಿ ಕಣ್ಣು ಒರೆಸಿಕೊಂಡು, ಹಳೆಯ ದನಿಯಲ್ಲಿ ಕೇಳಿದಳು: "ವೋಟಿಗಿ ಬಂದೀ ಏನು?"

"ಹೌದ್ರಿ. ಇಲೆಕ್ಷನ್ ಅದ ಅಲ್ಲ."

ಅತ್ತಿ ಸೆರಗು ಒಡ್ಡಿದಳು. "ಹಂಗಾರ ಜರಾ ಜಾಸ್ತಿ ಹಾಕು."