ರಾಜೇಶ್ವರಿಯ ರೇಡಿಯೊ ಮೇಜು

ಗಜೇಂದ್ರಗಡದ ರಾಜೇಶ್ವರಿ ಮೂವತ್ತು ವರ್ಷ ಸೀರೆ ನೇಯ್ದವಳು. ಒಮ್ಮೆ ಮಲಪ್ರಭೆ ಏರಿ, ಫೋನುಗಳೆಲ್ಲ ಸತ್ತು, ಹೊಳೆಮಣ್ಣೂರಿನಲ್ಲಿದ್ದ ತಂಗಿಯ ಸುದ್ದಿ ಮೂರು ದಿನ ಸಿಗಲಿಲ್ಲ. ಆ ವರ್ಷವೇ ಪರೀಕ್ಷೆ ಬರೆದು, ಫೋನಿಲ್ಲದೆಯೂ ದೂರದವರೊಡನೆ ಮಾತಾಡಿಸುವ ಹ್ಯಾಮ್ ರೇಡಿಯೊದ ಲೈಸೆನ್ಸ್ ಪಡೆದಳು. ಅಂದಿನಿಂದ ಪ್ರತಿ ಮಳೆಗಾಲ ಆ ಊರಿನ ಹ್ಯಾಮ್ ಗೆಳತಿ ಜಬೀನ ಹೇಳುವ ನೀರಿನ ಮಟ್ಟ ಬರೆದುಕೊಂಡು ತಾಲೂಕು ಕಚೇರಿಗೆ ಮುಟ್ಟಿಸುವುದು ಅವಳ ಕೆಲಸ.

ಈ ಸಲ ರೇಡಿಯೊದ ಮುಂದೆ ಅರ್ಧ ತಾಸು ಕೂತರೆ ಸೊಂಟ ಹಿಡಿಯುತ್ತಿತ್ತು. ಮಳೆಗಾಲದ ಕೆಲಸ ತನ್ನಿಂದಾಗುವುದೋ ಇಲ್ಲವೋ, ಭಾನುವಾರ ಜಬೀನಳಿಗೆ ಹೇಳಬೇಕಿತ್ತು.

ಮಗ್ಗ ಮಾಡುವ ಬಡಿಗ ಬಾಷಾಸಾಬ ರೇಡಿಯೊಗೊಂದು ಹೊಸ ಮೇಜು ಮಾಡಲು ಅಳತೆಗೆ ಬಂದ. ರೇಡಿಯೊ ಗೋಡೆಯ ಎತ್ತರದ ಹಲಗೆಯ ಮೇಲೆ ಕಸೂತಿ ಬಟ್ಟೆ ಹೊದ್ದು ಕೂತಿತ್ತು.

“ಅಕ್ಕಾರ, ಇದನ್ಯಾಕ ದೇವರಗತೆ ಮ್ಯಾಲ ಏರಿಸೀರಿ?”

“ವಿದ್ಯಾ ಐತಲ್ರಿ ಅದರಾಗ. ಕಾಲಿನ ಹಂತ್ಯಾಕ ಇಡೂದ?”

ಗಂಡ ದುರಗಪ್ಪ ನಕ್ಕ. “ಅಕಿ ಮಾತಾಡೂದು ನೋಡಿದ್ರ ಅಟ್ಟದ ಬೆಕ್ಕಿಗೆ ಬೈದಂಗ ಕಾಣತೈತಿ.”

“ಮಗ್ಗದಾಗ ಕುಂತಾಗ ಬೆನ್ನ ನೋಯ್ತಿತ್ತೇನ್ರಿ?” ಬಾಷಾಸಾಬ ಕೇಳಿದ.

“ಇಲ್ಲ.”

“ಮಗ್ಗಕ್ಕೂ ಪೂಜಿ ಮಾಡ್ತಿದ್ರಿ. ಅದರ ಕೆಳಗ, ಕುಣ್ಯಾಗ ಕಾಲ ಬಿಟಗೊಂಡು ಮೂವತ್ತ ವರ್ಷ ಕುಂತೀರಿ. ಅದು ಸಿಟ್ಟಾತೇನ್ರಿ?”

ರಾಜೇಶ್ವರಿ ನೆಲದತ್ತ ಬೆರಳು ತೋರಿಸಿದಳು. ನೇಯುವವರು ಕಾಲಿಳಿಸಿ ಕೂರಲು ನೆಲದಲ್ಲಿ ತೋಡಿದ ಆ ಕುಣಿ, ಮಗ್ಗ ಮಾರಿದ ಮೇಲೆ ಕಲ್ಲುಚಪ್ಪಡಿಯಡಿ ಮುಚ್ಚಿಹೋಗಿತ್ತು. ಮೂವರೂ ಸೇರಿ ಚಪ್ಪಡಿ ಎತ್ತಿದರು. ಬಾಷಾಸಾಬ ಅವಳನ್ನು ಅಂಚಿಗೆ ಕೂರಿಸಿ, ಮಡಿಸಿದ ಮೊಣಕೈ ಮಟ್ಟಕ್ಕೆ ದಾರ ಹಿಡಿದ. ಅಲ್ಲಿಗೆ ಹಲಗೆ. ಕಣ್ಣು ತಾನಾಗಿ ಇಳಿಯುವಲ್ಲಿ ರೇಡಿಯೊ. ಬರೆಯುವ ಕೈಗೆ ಅಡ್ಡಬರದಂತೆ ಮೈಕು ಎಡಕ್ಕೆ. ಕುಣಿಯೊಳಗೆ, ಪಾದ ಊರಲು, ಓರೆಯಾದ ಒಂದು ಮಣೆ.

ಭಾನುವಾರ ಬೆಳಿಗ್ಗೆ ಅವಳು ಕಾಲಿಳಿಸಿ ಕೂತಳು. ಜಬೀನಳ ದನಿ ಬಂತು. ಹೊಳೆ, ಮೋಡ, ಸೇತುವೆ, ತಂಗಿಯ ಮನೆಯ ಹೊಸ ಕರು ಎಂದು ಮಾತು ಬೆಳೆಯಿತು. ಎರಡು ತಾಸು ಕಳೆದರೂ ತನಗೊಂದು ಬೆನ್ನಿದೆಯೆಂದು ಅವಳಿಗೆ ನೆನಪಾಗಲಿಲ್ಲ.

“ಮಳಿಗಾಲಕ್ಕ ಏನ್ ಮಾಡಿದ್ರಿ ಅಕ್ಕಾ? ಬ್ಯಾರೇದವ್ರನ್ನ ಹುಡಕ್ಲೇನ್ರಿ?”

“ಬ್ಯಾಡವಾ. ಹೊಳಿ ಇಳಿಯೂತನಕ ನಾನ ಕುಂದರತೀನಿ.”

ಬಾಗಿಲಲ್ಲಿ ನಿಂತಿದ್ದ ದುರಗಪ್ಪ ಕೇಳಿದ: “ಹಂಗಾರ ರೊಟ್ಟಿ ಯಾರು ಬಡೀಬೇಕು?”

“ನೀವ ರೀ,” ಎಂದಳು ರಾಜೇಶ್ವರಿ, ಮಾತಾಡಲು ಒತ್ತಿದ್ದ ಮೈಕಿನ ಗುಂಡಿ ಬಿಡದೆಯೇ. ಬಿಟ್ಟ ಕೂಡಲೇ ಹೊಳೆಮಣ್ಣೂರಿನಿಂದ ಜಬೀನಳ ನಗೆ ಕೋಣೆ ತುಂಬ ಹರಿದು ಬಂತು.