ಅಪ್ಪ ನೇಯಲು ಹೊರಟ ಗುಲಾಬಿ

ನಮ್ಮಪ್ಪ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಬಣ್ಣದ ವಿಷಯದಲ್ಲಿ ಅವರು ನಂಬುವುದು ಒಬ್ಬರನ್ನು ಮಾತ್ರ, ಅವರನ್ನು ದಿನಾ ಕನ್ನಡಿಯಲ್ಲಿ ನೋಡುತ್ತಾರೆ. ಹಾಗಾಗಿ ಹೊಸ ಜಾತಿಯ ಗುಲಾಬಿ ಹುಟ್ಟಿಸಲು ಹೊರಟಾಗ ಯಾರನ್ನೂ ಕೇಳಲಿಲ್ಲ. ಮಗ್ಗದಲ್ಲಿ ಉದ್ದದ ಎಳೆ ಕೆಂಪು, ಅಡ್ಡದ ಎಳೆ ಹಳದಿ ಹಾಕಿದರೆ ಮಿರಮಿರ ಕಿತ್ತಳೆ ಬರುತ್ತದೆ. ಹಾಗೇ ಕೆಂಪು ಗುಲಾಬಿಗೆ ಹಳದಿ ಗುಲಾಬಿಯ ಪರಾಗ ಹಚ್ಚಿದರೆ ಅದೇ ಕಿತ್ತಳೆ ಬರಲೇಬೇಕು ಎಂಬುದು ಅವರ ಲೆಕ್ಕ.

ಚಳ್ಳಕೆರೆಯ ಸೋದರಮಾವ, ಅಂದರೆ ಅವ್ವನ ಅಣ್ಣ, ಇದನ್ನು ಒಪ್ಪಲಿಲ್ಲ. ಅವರೂ ಹದಿನೈದು ವರ್ಷದಿಂದ ಗುಲಾಬಿ ಜಾತಿ ಕೂಡಿಸುವವರು. ಅವರು ಸೃಷ್ಟಿಸಿದ ಒಂದು ತಳಿಗೆ ಹೂವೇ ಬರುವುದಿಲ್ಲ, ಮುಳ್ಳು ಮಾತ್ರ ಹೊಸ ಥರ ಐತೆ ಎಂದು ಎಲ್ಲರಿಗೂ ತೋರಿಸುತ್ತಾರೆ.

"ಗಿಡ ಅಂದ್ರೆ ಮಗ್ಗ ಅಲ್ಲ ಭಾವ," ಎಂದರು ಮಾವ.

"ಕೆಂಪು, ಹಳದಿ ಹಾಕಿದ್ರೆ ಇನ್ನೇನು ನೀಲಿ ಬರ್ತೈತಾ?" ಎಂದರು ಅಪ್ಪ.

ಈ ವಾದದಲ್ಲಿ ಲಾಭ ಕಂಡವಳು ಅವ್ವ. ನಮ್ಮ ಮಾಳಿಗೆ ತುಂಬ ಗುಲಾಬಿ. ಮಾವ ಚಳ್ಳಕೆರೆಯಿಂದ ತಂದುಕೊಟ್ಟ ಖಾಲಿ ಎಣ್ಣೆ ಡಬ್ಬಗಳೇ ಕುಂಡಗಳು, ಒಟ್ಟು ನಲವತ್ತೊಂದು. ಅವ್ವ ಮೂರು ಬೇಸಿಗೆ ಪಕ್ಕದ ಮನೆಯ ಮಾಳಿಗೆಯಲ್ಲಿ ಸಂಡಿಗೆ ಒಣಗಿಸಿದ್ದಳು. ಆ ಮನೆಯವರು ಅರ್ಧ ಸಂಡಿಗೆ ತಿಂದು, ಉಪ್ಪು ಕಮ್ಮಿ ಎಂದೂ ಹೇಳಿದ್ದರು.

"ಹೇಳಿದ ಬಣ್ಣ ಬಂದ್ರೆ ಮಾಳಿಗೆ ನಿಮ್ದು," ಎಂದು ಅಪ್ಪನಿಗೆ ಹೇಳಿದಳು. "ಬರ್ಲಿಲ್ಲ ಅಂದ್ರೆ ಒಂದ್ ಡಬ್ಬಾನೂ ಮೇಲೆ ಇರಂಗಿಲ್ಲ. ನಮ್ಮಣ್ಣನೇ ಸಾಕ್ಷಿ."

ಅಪ್ಪ ಒಪ್ಪಿದರು. ಗೆದ್ದವರೇ ಹೂವಿಗೆ ಹೆಸರಿಡಬೇಕು ಎಂದು ಮಾವ ಸೇರಿಸಿದರು.

ಶಸ್ತ್ರಚಿಕಿತ್ಸೆ ಮಾಡಿದ್ದು ನಾನು, ಏಕೆಂದರೆ ಮನೆಯಲ್ಲಿ ಪಿಯುಸಿ ವಿಜ್ಞಾನ ಓದುವವಳು ನಾನೊಬ್ಬಳೇ. ಅರೆಬಿರಿದ ಕೆಂಪು ಹೂವಿನ ಎಸಳು ಕಿತ್ತು, ಹುಬ್ಬು ಕೀಳುವ ನನ್ನ ಚಿಮುಟದಿಂದ ಕೇಸರಗಳನ್ನು ತೆಗೆದು, ಹಳದಿ ಹೂವಿನ ಪರಾಗವನ್ನು ಕುಂಚದಲ್ಲಿ ಹಚ್ಚಿದೆ. ಅಪ್ಪ ಗುರುತಿಗೆ ಕೆಂಪು, ಹಳದಿ ಎಳೆಗಳನ್ನು ಹೊಸೆದು ತೊಟ್ಟಿಗೆ ಕಟ್ಟಿದರು. ನಾಲ್ಕು ತಿಂಗಳಿಗೆ ಕಾಯಿ ಹಣ್ಣಾಯಿತು. ಒಳಗೆ ಹನ್ನೊಂದು ಬೀಜ. ಅವು ಒದ್ದೆ ಬಟ್ಟೆಯಲ್ಲಿ, ಫ್ರಿಜ್ಜಿನಲ್ಲಿ, ಇಡ್ಲಿ ಹಿಟ್ಟಿನ ಪಕ್ಕ ಒಂದೂವರೆ ತಿಂಗಳು ಮಲಗಿದವು. ಬಿತ್ತಿದ ಮೇಲೆ ಮೂರು ಮೊಳೆತವು. ಒಂದನ್ನು ಅಳಿಲು ತಿಂದಿತು. ಇನ್ನೊಂದನ್ನು ಅಳಿಲು ಓಡಿಸಲು ಹೋದ ಅಪ್ಪ ತುಳಿದರು. ಉಳಿದದ್ದು ಒಂದು.

ಅದಕ್ಕೆ ಮೊಗ್ಗು ಬಂದಾಗ ಅಪ್ಪ ಕೆಂಪು, ಹಳದಿ ಎಳೆಯಲ್ಲಿ ಅಂಗೈಯಗಲದ ಕಿತ್ತಳೆ ತುಂಡು ನೇಯ್ದು ಡಬ್ಬಕ್ಕೆ ಕಟ್ಟಿದರು. ಹೂವಿಗೆ ಗೊಂದಲ ಆಗಬಾರದಲ್ಲ. ರಾಂಪುರದ ಕಡೆ ಹೋಗುವ ಬಸ್ಸಿನ ಕಂಡಕ್ಟರುಗಳಿಗೂ ಸುದ್ದಿ ಮುಟ್ಟಿತ್ತು.

ಮಾವ ಬರುವ ದಿನ ಬೆಳಿಗ್ಗೆ ಮೊದಲು ಮಾಳಿಗೆ ಹತ್ತಿದವಳು ನಾನು. ಹೂ ಅರಳಿತ್ತು. ಐದೇ ಎಸಳು, ಅಂಚು ಸುಕ್ಕು, ಬಣ್ಣ ಬಿಳಿ. ಸೋತರೆ ಅಪ್ಪನ ಮುಖ ಹೇಗಾಗುತ್ತದೆ ಎಂದು ಯೋಚಿಸಿದೆ. ನಲವತ್ತೊಂದು ಡಬ್ಬ ಇಳಿಸುವವರು ಯಾರು ಎಂದೂ ಯೋಚಿಸಿದೆ. ಎರಡನೆಯದರಿಂದ ಹೆಚ್ಚು ನೋವಾಯಿತು.

ಕೆಳಗೆ ಬಂದು, ಅಪ್ಪ ನೂಲಿಗೆ ಹಾಕುವ ಕಿತ್ತಳೆ ಬಣ್ಣದಲ್ಲಿ ಒಂದು ಚಿಟಿಕೆ ತೆಗೆದುಕೊಂಡೆ. ನೀರಿಗೆ ಕಲಸಿದೆ. ಎಸಳಿಗೆ ಹಿಡಿಯಲೆಂದು ಶಾಂಪೂ ಸೇರಿಸಿದೆ. ಐದೂ ಎಸಳು, ಎರಡೂ ಬದಿ, ಡಬ್ಬಕ್ಕೆ ಕಟ್ಟಿದ್ದ ತುಂಡು ನೋಡಿ ನೋಡಿ ಹಚ್ಚಿದೆ. ರೆಕಾರ್ಡ್ ಬುಕ್ಕಿನ ಕಪ್ಪೆ ಚಿತ್ರಕ್ಕೂ ನಾನು ಅಷ್ಟು ಕಷ್ಟಪಟ್ಟಿಲ್ಲ.

ಹತ್ತು ಗಂಟೆಗೆ ಮಾವ ಬಂದರು. ಅವರ ಮನೆ ಎಣ್ಣೆ ಮಿಲ್ಲಿನ ಪಕ್ಕ. ಹಾಗಾಗಿ ಅವರ ಪಿಸುಮಾತೂ ಬೀದಿಯ ಕೊನೆಗೆ ಕೇಳುತ್ತದೆ. ಹೂ ನೋಡಿ "ಕಿತ್ತಳೇನೇ," ಎಂದು ಅವರು ಪಿಸುಗುಟ್ಟಿದ್ದು ಬೀದಿಗೆಲ್ಲ ಕೇಳಿತು. ಅವ್ವ ಪಕ್ಕದ ಮನೆಯ ಮಾಳಿಗೆಯನ್ನು ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟಳು. ಅಪ್ಪ ಗೆದ್ದಿದ್ದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು.

ಆದರೆ ಸೀರೆ ತೋರಿಸುವಾಗ ಬಿಳಿ ಬಟ್ಟೆ ಒದ್ದೆ ಮಾಡಿ ಸೆರಗಿಗೆ ಉಜ್ಜಿ, ಬಣ್ಣ ಬಿಡುವುದಿಲ್ಲ ಎಂದು ಗಿರಾಕಿಗೆ ತೋರಿಸುವುದು ಅವರ ಮೂವತ್ತು ವರ್ಷದ ಅಭ್ಯಾಸ. ಪಂಚೆಯ ತುದಿಯನ್ನು ನೀರಿಗೆ ಅದ್ದಿದರು.

"ನಮ್ ಕೈಯಾಗೆ ಬಂದಿದ್ದು ಬಣ್ಣ ಬಿಡಂಗಿಲ್ಲ, ನೋಡ್ರಿ ಭಾವ," ಎಂದು ಒಂದು ಎಸಳನ್ನು ಉಜ್ಜಿದರು.

ಪಂಚೆ ಕಿತ್ತಳೆಯಾಯಿತು. ಎಸಳು ಬಿಳಿಯಾಯಿತು.

ಅಪ್ಪ ಸಿಟ್ಟು ಬಂದಾಗ ಕನ್ನಡ ಮಾತಾಡುತ್ತಾರೆ, ಅವಮಾನವಾದಾಗ ತೆಲುಗು. "ರಂಗು ಪೋತಾಂದಿ," ಎಂದರು. ಬಣ್ಣ ಹೋಗುತ್ತಿದೆ ಎಂದು. ತಮ್ಮ ಕೈಯಿಂದ ಹೊರಟ ಯಾವುದರ ಬಗ್ಗೆಯೂ ಅವರು ಆ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಅವರ ಕಣ್ಣು ನನ್ನ ಉಗುರುಗಳ ಮೇಲೆ ಬಿತ್ತು. ನಾನು ಆಕಾಶದ ಅಧ್ಯಯನದಲ್ಲಿದ್ದೆ.

ಬಣ್ಣ ಬಳಿದದ್ದು ಯಾರು ಎಂದು ಮಾವ ಕೇಳಿದರು.

"ಈ ಮನೇಲಿ ಬಣ್ಣ ಹಾಕೋನು ನಾನೊಬ್ನೇ," ಎಂದರು ಅಪ್ಪ. "ಸೋತೆ ಭಾವ. ಮಾಳಿಗೆ ನಿಮ್ ತಂಗೀದು."

ಮಾವ ನಗುತ್ತಾರೆಂದುಕೊಂಡೆ. ಅವರು ಉಳಿದ ನಾಲ್ಕು ಎಸಳನ್ನೂ ನೀರಿನಲ್ಲಿ ತೊಳೆದು, ಬಗ್ಗಿ ಮೂಸಿ, ಬಹಳ ಹೊತ್ತು ನೋಡಿದರು. ಬಿಳಿ, ಸುಕ್ಕು, ಬಿಸಿಲಿಗೆ ಹರಡಿಟ್ಟ ಹಾಗೆ. ಹೆಸರು ಸಂಡಿಗೆ ಎಂದು ಘೋಷಿಸಿ, ಕಸಿಗೆಂದು ಒಂದು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ ಮಧ್ಯಾಹ್ನದ ಬಸ್ಸಿಗೆ ಹೋದರು. ಚಳ್ಳಕೆರೆಯಲ್ಲಿ ಈಗ ನಾಲ್ಕು ಮನೆಯಲ್ಲಿ ಸಂಡಿಗೆ ಗುಲಾಬಿ ಐತಂತೆ.

ಡಬ್ಬಗಳನ್ನು ಇಳಿಸಿದವಳು ನಾನೇ. ಅಪ್ಪ ಏನೂ ಬೈಯಲಿಲ್ಲ, ಮೆಟ್ಟಿಲ ಕೆಳಗೆ ನಿಂತು ಎಣಿಸಿದರು. ನಲವತ್ತೊಂದನೆಯದನ್ನು ಹಿತ್ತಲ ನಲ್ಲಿಯ ಹತ್ತಿರ ಇಟ್ಟಾಗ ಅವ್ವ ಸಂಡಿಗೆ ಹಿಟ್ಟು ಕುದಿಸುತ್ತಿದ್ದಳು.

"ಶಾಂಪೂ ಎಷ್ಟ್ ಹಾಕಿದ್ದೆ?" ಎಂದು ಅಪ್ಪ ಪಂಚೆಯ ತುದಿ ಮೂಸುತ್ತ ಮೆಲ್ಲಗೆ ಕೇಳಿದರು.

"ಎರಡ್ ತೊಟ್ಟು."

"ಜಾಸ್ತಿ ಆತು," ಎಂದರು. "ಅದಕ್ಕೇ ಬಿಡ್ತು."