ಮೈಕಕ್ಕನ ಮುಗಿಯದ ಸಂಶೋಧನೆ

ಬಸ್ ನಿಲ್ದಾಣದಲ್ಲಿ ಬಸ್ಸುಗಳ ವೇಳೆ ಪ್ರಕಟಿಸುತ್ತಿದ್ದವಳು, ಎಲ್ಲರ ಬಾಯಲ್ಲಿ ‘ಮೈಕಕ್ಕ’, ಐವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡಳು. ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರ ಹಿರಿಯ ಮಗಳು. ತಾಯಿ ಬೇಗ ಹೋದರು; ಇವಳು ಮದುವೆಯಾಗಲಿಲ್ಲ. ತಂದೆ, ತಮ್ಮ, ತಮ್ಮನ ಹೆಂಡತಿ, ಇಷ್ಟೇ ಸಂಸಾರ. ಸಂಜೆ ಕಾಲೇಜಿನ ಅನ್ವಯಿಕ ಭಾಷಾವಿಜ್ಞಾನದ ತರಗತಿಯಲ್ಲಿ ನನ್ನ ಬೆಂಚಿನವಳು. ದುಡಿದು ಬಂದು ಓದುವವರೆಂದು ಯಾರಾದರೂ ಕನಿಕರಪಟ್ಟರೆ ಸಿಡುಕುತ್ತಿದ್ದಳು. ಆ ವಿಷಯದಲ್ಲಿ ನಮ್ಮಿಬ್ಬರದೂ ಒಂದೇ ಮತ.

ಸಂಶೋಧನೆಗೆ ವಿಷಯ ಆರಿಸಬೇಕಾದ ವರ್ಷವೇ ಅವಳ ತಂದೆಗೆ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ಇಡೀ ಮಂಡಿಗೆ ಕೇಳಿಸುತ್ತಿದ್ದ ಗಂಟಲಿನಲ್ಲಿ ಬಿಡಿಬಿಡಿಯಾಗಿ ನಾಲ್ಕಾರು ಪದಗಳಷ್ಟೇ ಉಳಿದವು.

“ಹೋದ ಮಾತು ಹೇಗೆ ವಾಪಸ್ ಬರುತ್ತೆ ಅಂತ ನೋಡ್ತೀನಿ ಮೇಡಂ,” ಎಂದಳು ನಮ್ಮ ಸಂಶೋಧನೆಗೆ ಮಾರ್ಗದರ್ಶಕಿಯಾಗಿದ್ದವರಿಗೆ.

“ಅದು ಸಮುದ್ರ ಕಣಮ್ಮ. ಒಂದು ಲೋಟಕ್ಕೆ ಹಿಡಿಯೋಷ್ಟು ತಗೊಂಡು ಬಾ,” ಎಂದರು ಮೇಡಂ.

ಅವಳು ತಂದಳು. ಮನೆಯ ಸಾಮಾನುಗಳ ಚಿತ್ರಗಳನ್ನು ಪ್ರತಿ ಭಾನುವಾರ ಅದೇ ಕ್ರಮದಲ್ಲಿ ತೋರಿಸುವುದು, ಒಂದೇ ಪ್ರಶ್ನೆ ಕೇಳುವುದು, ಸುಮ್ಮನೆ ಕಾಯುವುದು. ಸುಳಿವು ಕೊಟ್ಟರೆ ಪದ ಅವರಿಂದ ಬಂತೋ ತನ್ನಿಂದ ಬಂತೋ ತಿಳಿಯದು. ಆದ್ದರಿಂದ ಸುಳಿವು ಕೂಡದು. ಮೊದಲು ಪಕ್ಕದ ಮನೆಯವರ ಮೇಲೆ ಪ್ರಯೋಗಿಸಿದಳು. ಬೀಗದ ಚಿತ್ರವನ್ನು ಅವರು ಕೈಚೀಲವೆಂದಾಗ ಅದನ್ನು ಹೊಸದಾಗಿ ಬರೆದಳು. ತರಗತಿಯಲ್ಲಿ ಅಷ್ಟು ಅಚ್ಚುಕಟ್ಟಾದ ಯೋಜನೆ ಬೇರೆ ಯಾರದೂ ಇರಲಿಲ್ಲ.

“ಅಕ್ಕ, ಈ ವಯಸ್ಸಲ್ಲಿ ಮಾವನ್ನ ಪರೀಕ್ಷೆಗೆ ಕೂರಿಸಿದ್ದೀರಲ್ಲ, ಫೇಲಾದ್ರೆ ಊಟ ಇಲ್ವಾ?” ಎಂದು ತಮ್ಮನ ಹೆಂಡತಿ ಚುಚ್ಚಿದಳು. ಮೈಕಕ್ಕ ನಕ್ಕು ಚಿತ್ರಗಳನ್ನು ಕ್ರಮಕ್ಕೆ ಜೋಡಿಸಿಕೊಂಡಳು.

ಒಂದು ಭಾನುವಾರ ಬಾಚಣಿಗೆಯ ಚಿತ್ರ ಬಂತು.

“ಅಪ್ಪ, ಇದೇನು?”

ಅವರು ಕೂದಲ ಮೇಲೆ ಕೈಯಾಡಿಸಿದರು. ಸನ್ನೆ ಲೆಕ್ಕಕ್ಕಿಲ್ಲ. ಅವಳು ಕಾದಳು. ಮುದುಕರ ತುಟಿ ಅದುರಿತು. ಬಾಗಿಲಲ್ಲಿ ನಿಂತ ಸೊಸೆ “ಬಾ…” ಎನ್ನುತ್ತಿದ್ದಂತೆ ಮೈಕಕ್ಕ ಕೈಯೆತ್ತಿ ತಡೆದಳು. ತಂದೆ ಮಗಳನ್ನೇ ನೋಡಿದರು.

“ನಿಂಗೆ… ಗೊತ್ತು,” ಎಂದರು.

ಅವಳು ‘ಉತ್ತರವಿಲ್ಲ’ ಎಂದು ಗುರುತು ಹಾಕಿ ಮುಂದಿನ ಚಿತ್ರ ತೆಗೆದಳು. ಅವರು ಗೋಡೆಯ ಕಡೆ ಹೊರಳಿದರು.

ಆಮೇಲೆ ಭಾನುವಾರ ಮಾತ್ರವಲ್ಲ, ಯಾವ ದಿನವೂ ಅವರು ಅವಳೆದುರು ಬಾಯಿ ತೆರೆಯಲಿಲ್ಲ. ಅಡುಗೆಮನೆಯಲ್ಲಿ ಸೊಸೆಯೊಡನೆ ‘ನೀರು’, ‘ಬಿಸಿ’ ಎನ್ನುವುದು ಹೊರಗೆ ನಿಂತವಳಿಗೆ ಕೇಳಿಸುತ್ತಿತ್ತು. ಒಳಗೆ ಕಾಲಿಟ್ಟರೆ ಮೌನ.

“ನಿಲ್ಲಿಸಿಬಿಡ್ಲಾ ಮೇಡಂ?”

“ಅವರು ಬೇಡ ಅಂದ್ರಾ?”

“ಬೇಡ ಅನ್ನೋ ಮಾತೇ ಅವ್ರಿಗೆ ಬರಲ್ವಲ್ಲ.”

“ಹಾಗಾದ್ರೆ ಬೇಡ ಅನ್ನೋಕೆ ಅವ್ರಿಗೆ ಏನು ದಾರಿ ಇಟ್ಟಿದ್ದೆ?”

ಪ್ರಶ್ನೆ ಸರಿಯಾದದ್ದೇ. ಯೋಜನೆಗೆ ಒಪ್ಪಿಗೆ ಕೊಡುವ ಮೊದಲೇ ಮೇಡಂ ಅದನ್ನು ಕೇಳಬೇಕಿತ್ತು.

ಅಂದೇ ಚಿತ್ರಗಳನ್ನು ಕಟ್ಟಿಟ್ಟಳು. ರಜೆ ಹಾಕಿ ತಂದೆಯ ಪಕ್ಕ ಕೂತು ಕಂಡದ್ದಕ್ಕೆಲ್ಲ ತಾನೇ ಹೆಸರು ಹೇಳುತ್ತಿದ್ದಳು. ಅವಳು ಉಣಿಸಿದರೆ ಅವರು ಉಂಡರು, ಉಗುರು ಕತ್ತರಿಸಲು ಕೈ ಕೊಟ್ಟರು. ಮಾತು ಮಾತ್ರ ಕೊಡಲಿಲ್ಲ. ವರ್ಷ ತುಂಬುವ ಮೊದಲೇ ಹೋದರು.

ನಡೆದದ್ದನ್ನೇ ಬರೆದು ಒಪ್ಪಿಸೆಂದು ನಾವು ಹಟ ಹಿಡಿದೆವು. “ಅಪ್ಪನ್ನ ಇನ್ನೊಂದು ಅಧ್ಯಾಯ ಮಾಡಲ್ಲ ಕಣೆ,” ಎಂದಳು. ಪದವಿ ಕೈತಪ್ಪಿತು. ಸಂಶೋಧನೆಗೆ ಮಾತು ಕೊಡುವವರು ‘ಸಾಕು’ ಎಂದು ತಿಳಿಸುವ ಬಗೆ ಯಾವುದೆಂದು ಈಗ ವಿಭಾಗದಲ್ಲಿ ಪ್ರತಿ ವಿದ್ಯಾರ್ಥಿಯನ್ನೂ ಕೇಳುತ್ತಾರೆ. ಅದು ಯಾರಿಂದ ಬಂತೆಂದು ಯಾರೂ ಹೇಳುವುದಿಲ್ಲವಾದ್ದರಿಂದ ನಾನು ಇಲ್ಲಿ ಹೇಳಿದ್ದೇನೆ.

ಅವಳು ಬಿಟ್ಟುಹೋದದ್ದು: ಎರಡು ಜೊತೆ ಸಮವಸ್ತ್ರ, ಗಂಟಲು ಒಣಗದಂತೆ ಚೀಪುವ ಮಾತ್ರೆಗಳ ಡಬ್ಬಿ, ಗ್ರಂಥಾಲಯದ ಒಂದು ಪುಸ್ತಕ (ಅದನ್ನು ನಾನು ಹಿಂದಿರುಗಿಸಿದ್ದೇನೆ), ತಮ್ಮ, ತಮ್ಮನ ಹೆಂಡತಿ, ದುಂಡಗಿನ ಅಕ್ಷರದಲ್ಲಿ ಬರೆದ ಪ್ರಬಂಧದ ಮೂರು ಅಧ್ಯಾಯಗಳು, ನಾಲ್ಕನೆಯದರ ಶೀರ್ಷಿಕೆ.